ಒಳಗೆ ಮಗುವನ್ನು ಕೇಳುತ್ತಿದ್ದಾಗ

ನ್ಯಾಯಾಲಯದ ಮೊಗಸಾಲೆಯ ಬೆಂಚಿನಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ದರ್ಜಿಗೆ, ಪಕ್ಕದಲ್ಲಿ ಕೂತ ಅಜ್ಜಿ ಮತ್ತು ಅವರ ಮಗಳ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಒಂಬತ್ತು ವರ್ಷದ ಮಗೂನ ಒಬ್ಬಳನ್ನೇ ಕೂರಿಸಿಕೊಂಡು ಜಡ್ಜು ಏನು ಕೇಳ್ತಾರೆ?”

“ಯಾರ ಹತ್ರ ಇರ್ತೀಯ ಅಂತ, ಅಮ್ಮ. ಹೊಸ ಕಾಯ್ದೆಯಲ್ಲಿ ಮಗೂನೇ ಕೇಳ್ಬೇಕಂತೆ. ಮೊದಲಾಗಿದ್ರೆ ಭಾವನ ವಕೀಲರು ಹೇಳಿದ್ದೇ ವೇದವಾಕ್ಯ.”

“ಅಪ್ಪನ ಹೆಸರೆತ್ತಿದ್ರೆ ಬಾಯೇ ಕಟ್ಟಿಹೋಗತ್ತೆ ಅವಳಿಗೆ. ಹೀಗ್ಹೀಗೆ ಹೇಳು ಅಂತ ಹೇಳಿಕೊಟ್ಟಿದ್ಯಾ?”

“ಹೇಳಿಕೊಡಬಾರದಂತೆ.”

“ನಿಮ್ಮಕ್ಕ ಬದುಕಿದ್ದಿದ್ರೆ ನಮಗೆ ಈ ಪಾಡು ಇರ್ತಿರ್ಲಿಲ್ಲ.”

ದರ್ಜಿ ಕೈಲಿದ್ದ ಕಾಗದವನ್ನು ಓದುವವನಂತೆ ಮುಖಕ್ಕೆ ಹಿಡಿದ. ಅಷ್ಟರಲ್ಲಿ ಬಾಗಿಲು ತೆರೆದು ಹುಡುಗಿ ಹೊರಬಂದಳು.

“ಏನಂದ್ರು, ಪುಟ್ಟಿ?” ಅಜ್ಜಿ ಎದ್ದು ನಿಂತರು.

“ಸದ್ಯಕ್ಕೆ ಅಜ್ಜಿ ಹತ್ರಾನೇ ಇರು ಅಂದ್ರು. ನಾನು ಹೇಳಿದ್ದೆಲ್ಲ ಬರ್ಕೊಂಡು ಓದಿದ್ರು. ತಪ್ಪಿದ್ರೆ ಹೇಳು, ತಿದ್ತೀನಿ ಅಂದ್ರು.”

“ತಪ್ಪಿತ್ತಾ?”

“ಒಂದು ಕಡೆ. ಅಪ್ಪ ಒಂದ್ಸಲ ಹೊಡೆದ್ರು ಅಂತ ಬರೆದಿದ್ರು. ದಿನಾ ಅಂತ ತಿದ್ದಿಸಿದೆ.”

ಅಜ್ಜಿ, ಚಿಕ್ಕಮ್ಮ ಮುಖ ಮುಖ ನೋಡಿಕೊಂಡರು.

“ದಿನಾನಾ? ನಮಗ್ಯಾಕೆ ಹೇಳ್ಲಿಲ್ಲ ಕಂದ?”

“ನೀವ್ಯಾರೂ ಕೇಳ್ಲೇ ಇಲ್ವಲ್ಲ, ಅಜ್ಜಿ.”

ಹುಡುಗಿಯ ಒಂದು ಕೈಯನ್ನು ಅಜ್ಜಿ, ಇನ್ನೊಂದನ್ನು ಚಿಕ್ಕಮ್ಮ ಹಿಡಿದುಕೊಂಡು, ಮೂವರೂ ನಿಧಾನವಾಗಿ ಮೆಟ್ಟಿಲಿಳಿದು ಹೋದರು.