ಕ್ಲೀಟನ ಗಾಡಿಯ ಎರಡು ಗಾಜು

ನನ್ನ ಹೆಸರು ವರ್ಡೀನ್ ಹ್ಯಾಸ್ಕೆಲ್, ವಯಸ್ಸು 61 ವರ್ಷ, ಕೆಲಸ ಶಾಲಾ ಬಸ್ ಚಾಲಕಿ, ವಾಸ ಪೈನ್ ಹಾಲೋ ರಸ್ತೆ, ಮಿಸ್ಸೌರಿ. ತಮ್ಮ ಮುಂದೆ ಹಾಜರಾಗಿ ತಿಳಿಯಪಡಿಸುವುದೇನೆಂದರೆ:

ಸೋರೆಲ್ ನದಿಯಲ್ಲಿ ಒಂದು ದಿನದ ದೋಣಿ ಪ್ರಯಾಣಕ್ಕೆಂದು ನನ್ನ ಮೈದುನ ಕ್ಲೀಟ್ ಮೂರು ವಾರದಿಂದ ನಮ್ಮ ಅಡುಗೆಮನೆಯ ಮೇಜಿನ ಮೇಲೆ ನಕಾಶೆ ಹರಡಿಕೊಂಡು ಯೋಜನೆ ಹಾಕುತ್ತಿದ್ದನು. ಊಟಕ್ಕೆ ತಟ್ಟೆ ಇಡಲೂ ಜಾಗವಿರಲಿಲ್ಲ. ಮಳೆಯಿಲ್ಲದೆ ನದಿ ಬತ್ತಿದೆ, ದೋಣಿಯನ್ನು ಎಳೆದುಕೊಂಡೇ ಹೋಗಬೇಕಾಗುತ್ತದೆ, ಸಂಜೆ ಐದಕ್ಕೆ ಕೆಳಗೆ ತಲುಪುವುದು ಆಗದ ಮಾತು ಎಂದು ನಾನು ಹೇಳಿದೆನು. ಬಸ್ಸು ಓಡಿಸುವವರಿಗೆ ನದಿಯ ವಿಷಯ ತಿಳಿಯುವುದಿಲ್ಲವೆಂದು ಅವನು ಹೇಳಿದನು. ನನ್ನ ಗಂಡ ಡಾಯ್ಲ್ ನಕ್ಕರು. ಅವರಿಗೆ ಸಕ್ಕರೆ ಕಾಯಿಲೆ ಇದ್ದು, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ; ರಕ್ತದ ಸಕ್ಕರೆ ತೀರಾ ಇಳಿದರೆ ಕೂಡಲೇ ಸಿಹಿ ಕುಡಿಸಬೇಕು.

ನಿನ್ನೆ ಶನಿವಾರ ಬೆಳಿಗ್ಗೆ 7 ಗಂಟೆಗೆ ಕ್ಲೀಟ್ ತನ್ನ ಗಾಡಿಯನ್ನು ದೋಣಿ ಪ್ರಯಾಣ ಮುಗಿಯುವ ಕೆಳದಡದಲ್ಲಿ ನಿಲ್ಲಿಸಿದನು. ನದಿ ಇಳಿದು ಬಂದವರು ವಾಪಸು ಹೋಗಲು ಅಲ್ಲೊಂದು ಗಾಡಿ ಇರಲೇಬೇಕು. ಡಾಯ್ಲ್‌ಗಾಗಿ ನಾನು ತಂದಿದ್ದ ಹಣ್ಣಿನ ರಸದ ಬಾಟಲಿಗಳಲ್ಲಿ ಒಂದನ್ನು ಮಾತ್ರ ದೋಣಿಗೆ ಬಿಟ್ಟು, ಉಳಿದವು ಭಾರವಾಗುತ್ತವೆಂದು ತನ್ನ ಗಾಡಿಯಲ್ಲೇ ಇಟ್ಟು ಬೀಗ ಹಾಕಿದನು. ನಂತರ ಮೂವರೂ ನಮ್ಮ ಗಾಡಿಯಲ್ಲಿ ದೋಣಿ ಹೇರಿಕೊಂಡು 14 ಮೈಲಿ ಮೇಲಕ್ಕೆ ಹೋಗಿ ನೀರಿಗಿಳಿದೆವು.

ನೀರು ಪಾದ ಮುಳುಗುವಷ್ಟೇ ಇತ್ತು. ಜಲ್ಲಿಯ ಮೇಲೆ ದೋಣಿ ಎಳೆದೂ ಎಳೆದೂ ಇದ್ದ ತಿಂಡಿ, ರಸ ಎಲ್ಲ ಮಧ್ಯಾಹ್ನಕ್ಕೇ ಮುಗಿದವು. ಕೆಳದಡ ಮುಟ್ಟಿದಾಗ ಸಂಜೆ 7-20. ಡಾಯ್ಲ್ ಬೆವರಿ ನಡುಗುತ್ತ ನೆಲಕ್ಕೆ ಕುಳಿತರು. ನಾನು ಗಾಡಿಯ ಕೀಲಿ ಕೇಳಿದೆನು. ಕ್ಲೀಟ್ ಎಲ್ಲ ಜೇಬು ತಡಕಿ, ಕೀಲಿ ನೀರಿಗೆ ಬೀಳಬಾರದೆಂದು ಮೇಲೆ ನಿಂತಿರುವ ನಮ್ಮ ಗಾಡಿಯಲ್ಲೇ ಭದ್ರವಾಗಿ ಇಟ್ಟು ಬಂದಿರುವುದಾಗಿ ಹೇಳಿದನು. ಅಲ್ಲಿ ಫೋನ್ ಸಿಗುವುದಿಲ್ಲ. ಬೇರೆ ಯಾರೂ ಇರಲಿಲ್ಲ.

ಬಾಟಲಿಗಳು ಕಿಟಕಿಯಿಂದ ಕಾಣುತ್ತಿದ್ದವು. ಗಾಜು ಒಡೆಯುತ್ತೇನೆಂದಾಗ ಕ್ಲೀಟ್, ಇದು ಹೊಸ ಗಾಡಿ, ತಾನು ರಸ್ತೆಗೆ ಹೋಗಿ ಯಾರನ್ನಾದರೂ ಕರೆತರುವವರೆಗೆ ತಾಳಬೇಕು ಎಂದನು. ಅಷ್ಟರಲ್ಲಿ ಡಾಯ್ಲ್ ನನ್ನ ಮುಖ ನೋಡಿ, "ನೀವ್ಯಾರಮ್ಮಾ?" ಎಂದು ಕೇಳಿದರು. ನಮ್ಮ ಮದುವೆಯಾಗಿ 36 ವರ್ಷವಾಗಿದೆ. ನಾನು ನದಿಯ ಕಲ್ಲು ಎತ್ತಿಕೊಂಡು ಪಕ್ಕದ ಗಾಜು ಒಡೆದು, ಅವರಿಗೆ ರಸ ಕುಡಿಸಿದೆನು.

ಕಾಲು ಗಂಟೆಯ ನಂತರ ಡಾಯ್ಲ್ ನನ್ನನ್ನು ಹೆಸರು ಹಿಡಿದು ಕರೆದು, ಯಾಕೆ ಅಳುತ್ತಿದ್ದೀಯ ಎಂದು ಕೇಳಿದರು. ಸೀಟಿನ ಮೇಲಿನ ಗಾಜಿನ ಚೂರು ಆರಿಸುತ್ತಿದ್ದ ಕ್ಲೀಟ್ ಆಗ ಹೇಳಿದ್ದು ಹೀಗೆ:

"ನೋಡಿ ಅತ್ತಿಗೆ, ನನ್ ಪ್ಲಾನಲ್ಲಿ ಏನೂ ತಪ್ಪಿರ್ಲಿಲ್ಲ. ಅಣ್ಣ ಸ್ವಲ್ಪ ಬೇಗ ಸುಸ್ತಾದ, ಅಷ್ಟೆ. ಮುಂದಿನ್ ತಿಂಗ್ಳು ನೀರು ಬರುತ್ತಲ್ಲ, ಇನ್ನೊಂದ್ಸಲ ಬರೋಣ."

ಮುಂಭಾಗದ ಗಾಜನ್ನು ನಾನು ಒಡೆದದ್ದು ಇದಾದ ಮೇಲೆ. ಮೀನು ಹಿಡಿಯಲು ಆಗ ತಾನೇ ಬಂದ ದಂಪತಿ ಕಂಡದ್ದು ಇದನ್ನು ಮಾತ್ರ. ಅವರು ತಮಗೆ ದೂರು ಕೊಟ್ಟಿರುವುದರಲ್ಲಿ ಸುಳ್ಳಿಲ್ಲ. ಡಾಯ್ಲ್‌ರನ್ನು ಆಸ್ಪತ್ರೆಗೆ ಸೇರಿಸಿದವರೂ ಅವರೇ. ಡಾಯ್ಲ್ ಈಗ ಹುಷಾರಾಗಿದ್ದಾರೆ.

ಪಕ್ಕದ ಗಾಜು ಒಡೆದದ್ದು ನನ್ನ ಗಂಡನಿಗಾಗಿ. ಮುಂಭಾಗದ್ದು ನನಗಾಗಿ. ಎರಡಕ್ಕೂ ಒಂದೇ ಕಾರಣವೆಂದು ಬರೆದುಕೊಳ್ಳಬಾರದೆಂದು ಕೋರುತ್ತೇನೆ.

ಇದಿಷ್ಟೂ ನಾನೇ ಹೇಳಿ ಬರೆಸಿದ್ದು. ಓದಿಸಿ ಕೇಳಿದ್ದೇನೆ, ಸರಿಯಿದೆ, ಸತ್ಯವಿದೆ.

ಸ್ಥಳ: ಸೋರೆಲ್ ಠಾಣೆ
ದಿನಾಂಕ: 18-8-2019
ಸಹಿ: ವರ್ಡೀನ್ ಹ್ಯಾಸ್ಕೆಲ್