ಮೇಡಂ ಹುಬ್ಬು

ಬಸ್ಸಿಗೆ ಕಾಯುತ್ತಿದ್ದ ನರ್ಸಿನ ಕಿವಿ, ಸಾಲಿನಲ್ಲಿ ಮುಂದಿದ್ದ ಇಬ್ಬರು ಟೀಚರುಗಳ ಮಾತಿಗೆ ನೆಟ್ಟಗಾಯಿತು.

“ಅಕ್ಕಾ, ಇವತ್ತು ಇಂಗ್ಲಿಷ್ ಪಾಠಾನ ಕೊನೇ ಬೆಂಚಿನ ಹಿಂದೆ ನಿಂತು ಮಾಡಿದೆ!”

“ಯಾಕೇ, ಬೋರ್ಡು ಮುನಿಸ್ಕೊಂಡಿತ್ತಾ?”

“ಮಕ್ಕಳು ನನ್ನ ಹುಬ್ಬು ನೋಡ್ಕೊಂಡೇ ಉತ್ತರ ಹೇಳ್ತಾರೆ. ಹುಬ್ಬು ಮೇಲೆ ಹೋದ್ರೆ ತಪ್ಪು ಅಂದ್ಕೊಂಡು ಅರ್ಧಕ್ಕೇ ಬಾಯಿ ಮುಚ್ಚಿಬಿಡ್ತಾರೆ.”

“ಆ ತುಟಿ ಬಿಚ್ಚದ ಹುಡುಗಿ?”

“ಅವಳೇ ಎದ್ದು ನಿಂತ್ಲು! ಅವರಪ್ಪನ ಸೈಕಲ್ ಅಂಗಡಿ ಬಗ್ಗೆ ಇಂಗ್ಲಿಷಲ್ಲಿ ಪಟಪಟ ಅಂತ ಐದು ವಾಕ್ಯ!”

“ತಪ್ಪಿರಲಿಲ್ವಾ?”

“ಬೇಕಾದಷ್ಟಿತ್ತು! ನನ್ನ ಹುಬ್ಬು ನೆತ್ತಿಗೇರಿತ್ತು. ಅವಳು ತಿರುಗಿ ನೋಡ್ಲೇ ಇಲ್ಲ, ಅಕ್ಕಾ!”

ಬಸ್ಸು ಬಂತು. ಇಬ್ಬರೂ ನಗುತ್ತ ಹತ್ತಿದರು. ತನ್ನೆದುರು ಅರ್ಧಕ್ಕೇ ಮಾತು ನುಂಗುವ ರೋಗಿಗಳು ನೆನಪಾಗಿ, ನರ್ಸು ತನ್ನ ಹುಬ್ಬನ್ನು ಮುಟ್ಟಿ ನೋಡಿಕೊಂಡಳು.