ನೋಯದ ಗಂಟು

ಇವತ್ತಿನ ಪ್ರವಚನದಲ್ಲಿ ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ ಅಂದ ಕೂಡಲೇ ಮುಂದಿನ ಸಾಲಿನ ತಾಯಂದಿರು ಮುಖ ಸಿಂಡರಿಸಿಬಿಟ್ಟರು. ಶ್ರೀಮಂತ ಅಂದಮೇಲೆ ಕೆಟ್ಟವನೇ ಇರಬೇಕು ಅಂತ ನಿಮಗೆ ಅನುಮಾನ. ತಡೀರಿ. ಈ ಕಥೆಯೇ ಅನುಮಾನದ್ದು.

ಒಂದೂರಿನ ಅಕ್ಕಿಪೇಟೆಯಲ್ಲಿ ಅವನ ದೊಡ್ಡ ಅಂಗಡಿ, ಅದರ ಹಿಂದೆಯೇ ಮನೆ. ದಾನ ಮಾಡುತ್ತಿದ್ದ, ಪೂಜೆ ತಪ್ಪಿಸುತ್ತಿರಲಿಲ್ಲ, ಎಲ್ಲಾ ಸರಿ. ಆದರೆ ನೋಡಿ, ಯಾರನ್ನೂ ನಂಬುತ್ತಿರಲಿಲ್ಲ. ಲಾರಿಯಿಂದ ಚೀಲ ಇಳಿಸುವ ಮೊದಲು ಕಬ್ಬಿಣದ ಚೂಪು ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ಒಳಗಿನ ಅಕ್ಕಿಯನ್ನು ಅಂಗೈಗೆ ಸುರಿದುಕೊಂಡು ನೋಡಲೇಬೇಕು. ಮೇಲೆ ಒಳ್ಳೆಯದು ತುಂಬಿ ಒಳಗೆ ನುಚ್ಚು ಹಾಕಿದ್ದರೆ? ವ್ಯಾಪಾರದಲ್ಲಿ ಅದು ತಪ್ಪಲ್ಲ ಬಿಡಿ.

ಅಂಥವನಿಗೆ ಒಂದು ದಿನ ಅಂಗಿ ದೊಗಳೆ ಅನ್ನಿಸಿತು. ಅನುಮಾನ ಯಾರ ಮೇಲೆ? ದರ್ಜಿಯ ಮೇಲೆ. ಅಳತೆ ತಪ್ಪಿಲ್ಲ ಅಂತ ದರ್ಜಿ ಆಣೆ ಮಾಡಿದ. ಆಗ ಶ್ರೀಮಂತ ಅಂಗಡಿಯಲ್ಲಿ ಚೀಲ ತೂಗುವ ಕಾಟಾದ ಮೇಲೆ ತಾನೇ ಹತ್ತಿ ನಿಂತ. ತೂಕ ಇಳಿದಿತ್ತು. ಈಗ ಅನುಮಾನ ಕಾಟಾದ ಮೇಲೆ! ತೂಕದ ಕಲ್ಲು ಇಟ್ಟು ನೋಡಿಸಿದ. ಕಾಟಾ ಸರಿಯಾಗಿಯೇ ಇತ್ತು. ಹಾಗಾದರೆ ಇಳಿದಿರುವುದು ನಾನೇ. ಯಾಕೆ ಇಳಿದೆ? ಯಾರು ಇಳಿಸುತ್ತಿದ್ದಾರೆ? ಗಮನಿಸಿದಿರಾ? ‘ಯಾಕೆ’ ಅಂತ ಶುರುವಾದ ಪ್ರಶ್ನೆ ‘ಯಾರು’ ಅಂತ ತಿರುಗಿತು. ಅವನು ಎಡವಿದ್ದು ಅಲ್ಲೇ.

ಆ ಮನೆಯಲ್ಲಿ ಒಬ್ಬ ಅಡುಗೆಯವಳಿದ್ದಳು. ಗಂಡನಿಲ್ಲದ ಹೆಣ್ಣುಮಗಳು, ಬಹಳ ವರ್ಷದಿಂದ ಅಲ್ಲೇ ದುಡಿಯುತ್ತಿದ್ದವಳು. ಈಚೆಗೆ ಅವಳು ಬಡಿಸಿದ್ದು ಎರಡು ತುತ್ತು ಉಣ್ಣುವಷ್ಟರಲ್ಲಿ ಶ್ರೀಮಂತನಿಗೆ ಹೊಟ್ಟೆ ಬಿಗಿಯುತ್ತಿತ್ತು. ಮೈಯೆಲ್ಲಾ ತುರಿಕೆ. ಸಂಜೆಗೆ ಜ್ವರ ಬಂದು ತಾನಾಗಿ ಹೋಗುತ್ತಿತ್ತು. ಅನುಮಾನಕ್ಕೆ ಇಷ್ಟು ಸಾಲದೇ?

“ಸಾರಿನ್ಯಾಗ ಏನ್ ಹಾಕ್ತಿ?” ಅಂತ ಕೇಳಿದ.

“ಉಪ್ಪು, ಖಾರ, ಹುಣಸಿಹಣ್ಣು ಹಾಕ್ತೀನ್ರಿ ಸಾವ್ಕಾರ್ರ. ಮತ್ತೇನ್ ಹಾಕ್ಲಿ?”

“ಅಷ್ಟ ಹಾಕಿದ್ರ ನಾ ಯಾಕ ಸೊರಗ್ತಿದ್ದೆ?”

ಅವಳನ್ನು ಮನೆಯಿಂದ ಕಳಿಸಿದ. ಅಷ್ಟಕ್ಕೆ ಬಿಡಲಿಲ್ಲ. ಅಂಗಡಿ ಕಟ್ಟೆಯ ಮೇಲೆ ನಿಂತು, ದಲಾಲರು, ಹಮಾಲರು ಎಲ್ಲರ ಮುಂದೆ, ‘ಊಟದಾಗ ನನಗ ಮದ್ದು ಹಾಕ್ತಿದ್ಲು’ ಅಂದ. ಆಮೇಲೆ ಬರೀ ಬಾಳೆಹಣ್ಣು ತಿನ್ನತೊಡಗಿದ. ಸಿಪ್ಪೆಯನ್ನೂ ತಾನೇ ಸುಲಿಯಬೇಕು. ನಗಬೇಡಿ, ಅವನಿಗೆ ನಿಜವಾಗಿಯೂ ಭಯವಾಗಿತ್ತು.

ಅಡುಗೆಯವಳು ಹೋದಳು. ತೂಕ ಇಳಿಯುವುದು ನಿಂತಿತೇ? ಇಲ್ಲ. ಅನುಮಾನ ಸತ್ತಿತೇ? ಅದೂ ಇಲ್ಲ. ಹೆಂಡತಿ ಹಾಲಿನ ಲೋಟ ತಂದಿಟ್ಟರೆ, “ಮೊದಲ ನೀ ಒಂದು ಗುಟುಕು ಕುಡಿ” ಅನ್ನುವ ಮಟ್ಟಕ್ಕೆ ಬಂದ. ಆ ತಾಯಿ ಕುಡಿದು ತೋರಿಸಿದಳು. ಎಷ್ಟು ನೊಂದಿರಬೇಕು ಯೋಚಿಸಿ.

ಈ ನಡುವೆ ಅವನ ಕೊರಳಿನ ಪಕ್ಕದಲ್ಲಿ ಒಂದು ಗಂಟು ಎದ್ದಿತ್ತು. ಲಿಂಬೆಹಣ್ಣಿನಷ್ಟು. ಹೆಂಡತಿ ತೋರಿಸಿದರೆ, “ನೋವಿಲ್ಲ ಏನಿಲ್ಲ, ಅದರ ಪಾಡಿಗೆ ಅದೈತಿ” ಅಂದುಬಿಟ್ಟ. ಇದನ್ನು ಏನನ್ನಬೇಕು ಹೇಳಿ! ದರ್ಜಿಯ ಮೇಲೆ ಅನುಮಾನ, ಕಾಟಾದ ಮೇಲೆ ಅನುಮಾನ, ಕೈಹಿಡಿದವಳ ಮೇಲೆ ಅನುಮಾನ. ಇಡೀ ಲೋಕದಲ್ಲಿ ಅವನು ನಂಬಿದ್ದು ಆ ಗಂಟೊಂದನ್ನೇ.

ಕೊನೆಗೆ ಹೆಂಡತಿಗೆ ತಡೆಯಲಾಗಲಿಲ್ಲ. ಒಂದು ಮುಂಜಾನೆ ಒದ್ದೆ ಹಾಸಿಗೆಯನ್ನು ಎತ್ತಿ ಅವನ ಮುಂದೆ ಹಿಡಿದಳು. “ದಿನಾ ಹಿಂಡೋ ಹಾಂಗ ಬೆವರ್ತೀರಿ. ಅಡಗಿಯಾಕಿ ಹೋಗಿ ಬಾಳ ದಿನ ಆತಲ್ರಿ, ಈ ಬೆವರು ಯಾರು ಹಾಕ್ಲಿಕತ್ತಾರ?”

ಅವತ್ತೇ ಇಬ್ಬರೂ ಹೊರಟರು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕೊರಳು ಮುಟ್ಟಿ, ಕಂಕುಳು ಮುಟ್ಟಿ, ಹೊಟ್ಟೆ ಒತ್ತಿ ನೋಡಿದರು. ನೋವಿದೆಯೇ ಅಂದರು. ಇಲ್ಲ ಅಂತ ಇವನು ಹೆಮ್ಮೆಯಿಂದ ಹೇಳಿದ.

“ನೋವಿದ್ದಿದ್ರ ನನಗ ಇಷ್ಟು ಅನುಮಾನ ಬರ್ತಿರಲಿಲ್ಲ” ಅಂದರು ಡಾಕ್ಟರಮ್ಮ.

ಸೂಜಿ ಹಾಕಿ ನೋಡಿದರು, ಏನೂ ಖಚಿತವಾಗಲಿಲ್ಲ. ಇಡೀ ಗಂಟನ್ನೇ ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದರು. ಇವನು ಎದ್ದೇ ನಿಂತ. “ಕ್ಯಾನ್ಸರ್ ಇದ್ದು ಕತ್ತರಿ ತಾಗಿದ್ರ ಹರಡ್ತೈತಿ. ನಮಗೇನು ಗೊತ್ತಿಲ್ಲಂತ ತಿಳ್ಕೊಂಡೀರೇನು?”

“ಪರೀಕ್ಷೆಗೆ ತಗದ್ರ ಇದು ಹರಡೂದಿಲ್ರಿ. ಸೂಜಿಯಾಗ ಬಂದಿದ್ದು ಅಷ್ಟಿಷ್ಟು ಜೀವಕೋಶ. ಅವು ಗಂಟಿನ ಒಳಗ ಹ್ಯಾಂಗ ಕೂತಾವ ಅನ್ನೂದು ಕಾಣಬೇಕಂದ್ರ ಪೂರಾ ಗಂಟು ಬೇಕು.”

ಅವನು ಬಾಗಿಲ ಕಡೆ ತಿರುಗಿದ. ಆಗ ಹೆಂಡತಿ ಕೂತಲ್ಲಿಂದಲೇ, “ರೀ, ಚೀಲದ ಬಾಯಾಗಿನ ಅಕ್ಕಿ ನೋಡಿ ನೀವು ಯಾವತ್ತರ ಲಾರಿ ಇಳಿಸ್ಕೊಂಡೀರೇನು?” ಅಂದಳು.

ಶ್ರೀಮಂತ ನಿಂತ. ತಿರುಗಿ ಬಂದು ಕುರ್ಚಿಯಲ್ಲಿ ಕೂತ.

ಪರೀಕ್ಷೆಯಲ್ಲಿ ಗೊತ್ತಾಯಿತು, ಅದು ಲಿಂಫೋಮಾ. ಕೊರಳು, ಕಂಕುಳಲ್ಲಿರುವ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್. ಇಂಥದ್ದೇ ಬಗೆಯದು ಅಂತಲೂ ಗೊತ್ತಾಯಿತು. ಬಗೆ ತಿಳಿಯದೆ ಔಷಧಿ ಕೊಡುವಂತಿಲ್ಲ. ಗುಣವಾಗುವ ಆಸೆಯಿದೆ, ಆದರೆ ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಅಂದರು. ಹೊಟ್ಟೆ ಬಿಗಿತ, ತುರಿಕೆ, ಜ್ವರ, ಬೆವರು, ಸೊರಗಿದ್ದು, ಎಲ್ಲವೂ ಅದರದ್ದೇ ಕೆಲಸ.

ಔಷಧಿ ಶುರುವಾಗಿ ತಲೆಗೂದಲು ಉದುರಿದ ಮೇಲೆ ಒಂದು ದಿನ ಅವನು ಅಡುಗೆಯವಳ ಮನೆ ಹುಡುಕಿಕೊಂಡು ಹೋದ. ಅವಳು ಗುರುತು ಹಿಡಿಯಲಿಲ್ಲ. ದನಿ ಕೇಳಿದ ಮೇಲೆ ಗಾಬರಿಯಾಗಿ ಕಂಬಳಿ ಹಾಸಿದಳು. ಇವನು ಕೈಮುಗಿದ. “ನಿಂದೇನೂ ತಪ್ಪಿಲ್ಲ ಅಂತ ಗೊತ್ತಾತು ತಂಗಿ. ಮನಿಗೆ ವಾಪಸ್ ಬಾ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು: “ನನ್ನ ತಪ್ಪಿಲ್ಲ ಅನ್ನೂದು ನನಗ ಮೊದಲ ಗೊತ್ತಿತ್ರಿ, ಈಗ ನಿಮಗ ಗೊತ್ತಾತು. ಮದ್ದು ಹಾಕೂವಾಕಿ ಅಂತ ಒಂದು ಮನಿಯವರೂ ಕೆಲಸಕ್ಕ ಕರಿಯಂಗಿಲ್ಲ. ಊರಿಗೆ ಹೇಳಿದವರು ನೀವು. ಊರಿಗೂ ನೀವ ಹೇಳ್ರಿ.”

ನೋಡಿ, ಅವನ ಗಂಟಿಗೆ ಪರೀಕ್ಷೆಯಾಯಿತು. ಇವಳ ಮೇಲೆ ಹೊರಿಸಿದ ಮಾತಿಗೆ ಯಾವ ಪರೀಕ್ಷೆ ಆಗಿತ್ತು? ಡಾಕ್ಟರಮ್ಮನೂ ಅನುಮಾನಪಟ್ಟರು, ಇವನೂ ಅನುಮಾನಪಟ್ಟ. ಅವರು ಪರೀಕ್ಷೆ ಮಾಡಿ ಆಮೇಲೆ ಬಾಯಿಬಿಟ್ಟರು. ಇವನು ಮೊದಲೇ ಬಾಯಿಬಿಟ್ಟ.

ನೀವು ಈಗ ಮೆಲ್ಲಗೆ ಕೊರಳು ಮುಟ್ಟಿ ನೋಡಿಕೊಳ್ಳುತ್ತಿದ್ದೀರಿ, ನನಗೆ ಕಾಣುತ್ತಿದೆ. ನೋಡಿಕೊಳ್ಳಿ, ಒಳ್ಳೆಯದೇ. ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ. ಆದರೆ ಕೆಲವು ವಾರವಾದರೂ ಇಳಿಯದ ಗಂಟನ್ನು ನೋವಿಲ್ಲ ಅಂತ ನಂಬಬೇಡಿ. ಮನೆಯ ಹಿರಿಯರು ಬಿಡದ ಬೆನ್ನುನೋವು, ಸುಸ್ತು ಅಂದರೆ ವಯಸ್ಸಾಯಿತು ಅಂತ ಬಾಯಿ ಮುಚ್ಚಿಸಬೇಡಿ; ರಕ್ತದ ಒಂದು ಬಗೆಯ ಕ್ಯಾನ್ಸರ್ ಮೂಳೆಯೊಳಗೇ ಕೂತು ಹೀಗೆ ನೋಯಿಸಬಹುದು. ತೆಗೆದು ನೋಡೋಣ ಅಂತ ಡಾಕ್ಟರು ಹೇಳಿದರೆ, ಹರಡುತ್ತದೆ ಅಂತ ಓಡಿ ಬರಬೇಡಿ.

ಇನ್ನೊಂದು ಮಾತು. ನೀವು ಅನುಮಾನದಿಂದ ಯಾರಿಗೋ ಒಂದು ಕೆಟ್ಟ ಹೆಸರು ಇಟ್ಟಿದ್ದೀರಿ. ಸೊಸೆಯೋ, ಕೆಲಸದವಳೋ, ಪಕ್ಕದ ಮನೆಯವನೋ. ಅವರನ್ನು ಒಳಗೆ ಕರೆದು, ಕದ ಹಾಕಿಕೊಂಡು ತಪ್ಪಾಯಿತು ಅನ್ನಬೇಡಿ. ಆ ಶ್ರೀಮಂತ ಬೋಳುತಲೆಯಲ್ಲೇ ಪೇಟೆಯ ನಡುವೆ ನಿಂತು, ಎಲ್ಲರನ್ನೂ ಕರೆದು, ಸುಳ್ಳು ಹೇಳಿದ್ದು ನಾನು ಅಂದ. ನೀವೂ ಯಾರ್ಯಾರ ಮುಂದೆ ಹೇಳಿದ್ದಿರೋ ಅವರ ಬಾಗಿಲಿಗೇ ಹೋಗಿ, ಅಷ್ಟೇ ಗಟ್ಟಿಯಾಗಿ ಹೇಳಿ. ಮನೆಗೆ ಹೋಗುವ ದಾರಿಯಲ್ಲೇ ಹೇಳಿ.